ಬಲಭುಜದ ಹೂವು

ದೇವರ ಬಲಭುಜದ ಹೂವು ಬೀಳದ ಹಾಗೆ ಮೈದಾ ಅಂಟು ಹಚ್ಚಿದವಳು ನಾನು. ನನ್ನ ಮಗಳು ಗಿರಿಜೆಗೆ ಇದು ಗೊತ್ತಿಲ್ಲ. ಅವಳ ಅಪ್ಪನಿಗೂ ಗೊತ್ತಿಲ್ಲ. ದೇವರಿಗೆ ಗೊತ್ತು — ಗೊತ್ತಿದ್ದೂ ಎಂಟು ವರ್ಷ ನನ್ನ ಕೈಯಿಂದಲೇ ದೀಪ ಹಚ್ಚಿಸಿಕೊಂಡಿದ್ದಾನೆ.

ಮೊನ್ನೆ ಮಂಗಳವಾರ ಮಧ್ಯಾಹ್ನ, ವರ್ಷದ ಹುಣಸೆಹಣ್ಣನ್ನು ಹಳೆಯ ಸೀರೆಯ ಮೇಲೆ ಹರಡಿಕೊಂಡು ಬೀಜ ಬಿಡಿಸುತ್ತ ಕೂತಿದ್ದೆ. ಗಾಳಿ ತಿರುಗಿತ್ತು, ಮದ್ರಾಸಿನ ಅಂಚಿನ ನಮ್ಮ ಕ್ರೋಂಪೇಟೆಯ ಚರ್ಮದ ಕಾರ್ಖಾನೆಗಳ ವಾಸನೆ ಹುಣಸೆಯ ಹುಳಿವಾಸನೆಯೊಳಗೆ ಸೇರಿಕೊಂಡಿತ್ತು. ಗಿರಿಜೆ ತಿರುವೊಟ್ಟಿಯೂರಿನ ಗಂಡನ ಮನೆಯಿಂದ ಬಸ್ಸು, ಆಮೇಲೆ ಎಲೆಕ್ಟ್ರಿಕ್ ರೈಲು ಹಿಡಿದು ಬಂದವಳು, ಒಂದು ಚೊಂಬು ನೀರು ಕುಡಿದು ನನ್ನೆದುರು ಕೂತಳು. ಕೂತವಳೇ ಹೇಳಿದಳು:

"ಆ ಫಾರಂ ವಿಷಯ ಮುಗೀತಮ್ಮ. ಹೂ ಕೇಳ್ದೆ. ಎಡದ್ದು ಬಿತ್ತು. ಎತ್ತಿಟ್ಬಿಟ್ಟೆ."

ಬಿಡಿಸಿದ ಬೀಜವನ್ನು ಹಣ್ಣಿನ ರಾಶಿಗೇ ಹಾಕಿದೆ.

ಫಾರಂ ಅಂದರೆ ಅಂಚೆಯ ಮೂಲಕ ಓದುವ ಪದವಿಯ ಅರ್ಜಿ. ಅಳಿಯಂದಿರೇ ತಂದುಕೊಟ್ಟದ್ದು. ಮನೆಯಲ್ಲೇ ಕೂತು ಓದು, ಪರೀಕ್ಷೆಗೆ ನಾನು ಕರೆದುಕೊಂಡು ಹೋಗುತ್ತೇನೆ ಅಂದಿದ್ದರಂತೆ. ವಾಣಿಜ್ಯದ ಓದು, ಅವಳು ಆಸೆಪಟ್ಟ ಗಣಿತವಲ್ಲ. ಆದರೂ ಅದರಲ್ಲಿ ಗಣಿತಕ್ಕೆ ಹತ್ತಿರದ ಒಂದೆರಡು ಪತ್ರಿಕೆಗಳಿವೆ ಎಂದು ಹೋದ ತಿಂಗಳು ಬಂದಾಗ ಹೇಳಿದ್ದಳು. ಹೇಳುವಾಗ ಅವಳ ಕಣ್ಣಲ್ಲಿ — ಆ ಹೊಳಪನ್ನು ಎಂಟು ವರ್ಷದಲ್ಲಿ ನಾನು ನೋಡಿರಲಿಲ್ಲ. ಮನೆಗೆ ಹೋದವಳು ಆ ಫಾರಮ್ಮನ್ನು ದೇವರ ಮುಂದೆ ಇಟ್ಟಿದ್ದಾಳೆ. ಮದುವೆಯಲ್ಲಿ ನಾನು ಕೊಟ್ಟ ಪುಟ್ಟ ಅನ್ನಪೂರ್ಣೆಯ ಎರಡು ಭುಜಕ್ಕೂ ಹೂ ಅಂಟಿಸಿ ಕೇಳಿದ್ದಾಳೆ. ಎಡದ ಹೂ ಬಿದ್ದಿದೆ.

"ಕಡೇ ದಿನ ಯಾವತ್ತು?" ಅಂದೆ.

"ನಿನ್ನೇಗೆ ಆಯ್ತು. ಪರವಾಯಿಲ್ಲಮ್ಮ, ವಿಡು" ಎಂದು ತಮಿಳನ್ನೇ ಸೇರಿಸಿ, ಹೋಗಲಿ ಬಿಡು ಎನ್ನುವ ಹಾಗೆ ನಕ್ಕಳು.

ಈ ಹೂ ಕೇಳುವ ವಿಷಯ ತಿಳಿಯದವರಿಗೆ ಹೇಳಬೇಕು. ನಾವು ಕುಂದಾಪುರದ ಕಡೆಯವರು. ಹೋಟೆಲಿನ ಕೆಲಸಕ್ಕೆಂದು ಇವರು ಮದ್ರಾಸಿಗೆ ಬಂದರು, ಒಂದು ದೊಡ್ಡ ಹೋಟೆಲಿನ ಉಗ್ರಾಣ ನೋಡಿಕೊಳ್ಳುತ್ತಾರೆ. ಊರಿನಿಂದ ಬರುವಾಗ ಅತ್ತೆ ಒಂದು ಗೇಣಿನ ಹಿತ್ತಾಳೆಯ ವೆಂಕಟರಮಣನನ್ನು ಸೀರೆಯಲ್ಲಿ ಸುತ್ತಿಕೊಂಡು ಬಂದಿದ್ದರು. ನಮ್ಮಲ್ಲಿ ಮನಸ್ಸು ಎರಡಾದಾಗ ದೇವರನ್ನು ಕೇಳುತ್ತೇವೆ. ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಹೂವನ್ನು ಅಂಟಿಸಿ, ಪ್ರಶ್ನೆ ಹೇಳಿಕೊಂಡು, ಕೈಮುಗಿದು ಕೂರುವುದು. ಬಲದ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ಆಮೇಲೆ ಆ ವಿಷಯದಲ್ಲಿ ಮಾತಿಲ್ಲ. ಈ ಬಾಡಿಗೆ ಮನೆ ಹಿಡಿದದ್ದು ಹೂ ಕೇಳಿಯೇ. ನನಗೆ ಎರಡನೆಯ ಸಲ ಹೊಟ್ಟೆಯಲ್ಲಿ ನಿಲ್ಲದೆ ಹೋದಾಗ ಆಪರೇಷನ್ ಮಾಡಿಸಿದ್ದೂ ಹೂ ಕೇಳಿಯೇ. ಬದುಕಿ ಉಳಿದೆ. ಹಾಗಾಗಿ ನಮ್ಮ ಮನೆಯಲ್ಲಿ ಆ ಹೂವಿಗೆ ಎದುರು ಹೇಳಿದವರಿಲ್ಲ.

ಗಿರಿಜೆ ಹತ್ತನೇ ಕ್ಲಾಸು ಮುಗಿಸಿದ ವರ್ಷ. ಪ್ಲಸ್ ಟು ಎಂಬುದು ಬಂದು ಮೂರ್ನಾಲ್ಕು ವರ್ಷವಾಗಿತ್ತಷ್ಟೆ. ಆ ಎರಡು ವರ್ಷಕ್ಕೆ ಯಾವ ಗ್ರೂಪ್ ಸೇರುತ್ತಾರೋ ಅದರ ಮೇಲೆ ಮಕ್ಕಳ ಮುಂದಿನ ದಾರಿ ನಿಲ್ಲುತ್ತಿತ್ತು. ಗಣಿತದಲ್ಲಿ ಅವಳಿಗೆ ನೂರಕ್ಕೆ ನೂರು ಬಂದಿತ್ತು. ಬಾರದೆ ಏನು — ಅಕ್ಕಿ ಹಿಟ್ಟು ಹರಡಿದ ತಟ್ಟೆಯ ಮೇಲೆ ಬೆರಳಲ್ಲಿ ಲೆಕ್ಕ ಮಾಡುತ್ತಿದ್ದ ಹುಡುಗಿ. ಬೈದು ಹಿಟ್ಟು ಜರಡಿ ಹಿಡಿಯುತ್ತಿದ್ದೆ; ಲೆಕ್ಕವೆಲ್ಲ ಜರಡಿಯ ಕೆಳಗೆ ಹೋಗುತ್ತಿತ್ತು. ಗಣಿತ, ಭೌತಶಾಸ್ತ್ರ ಇರುವ ಫಸ್ಟ್ ಗ್ರೂಪ್ ನಮ್ಮ ಬೀದಿಯಾಚೆಯ ಶಾಲೆಯಲ್ಲಿ ಇರಲಿಲ್ಲ. ಅಲ್ಲಿದ್ದದ್ದು ವಾಣಿಜ್ಯದ ಥರ್ಡ್ ಗ್ರೂಪ್ ಒಂದೇ. ಫಸ್ಟ್ ಗ್ರೂಪ್ ಬೇಕಾದರೆ ತಾಂಬರಮ್ಮಿಗೆ ಹೋಗಬೇಕು. ರೈಲಿನಲ್ಲಿ ಎರಡನೇ ಸ್ಟೇಷನ್ನು. ಎರಡನೇ ಸ್ಟೇಷನ್ನು ಅಷ್ಟೇ. ಈಗ ಆ ದೂರವನ್ನು ನೆನೆಸಿಕೊಂಡರೆ ನನಗೆ —

ಆಗ ಅತ್ತೆ ಸೊಂಟ ಮುರಿದು ಮಲಗಿದ್ದರು. ಮೈಯಿದ್ದ ಹೆಂಗಸು. ಮಗ್ಗುಲು ಬದಲಿಸಲಿಕ್ಕೆ, ಬಟ್ಟೆ ಬದಲಿಸಲಿಕ್ಕೆ ಇಬ್ಬರು ಬೇಕು. ನಾಲ್ಕು ಗಂಟೆಗೆ ಗಿರಿಜೆ ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದೆ. ತಾಂಬರಮ್ಮಿಗೆ ಹೋದರೆ, ಪ್ರಯೋಗದ ಕ್ಲಾಸೂ ಇರುವುದರಿಂದ, ಬರುವಾಗ ಆರು ಗಂಟೆ. ಇದನ್ನು ನಾನು ಇವರ ಹತ್ತಿರ ಎರಡು ಮೂರು ಸಲ ಆಡಿದೆ. ಒಳಗೆ ಮಲಗಿದ್ದ ಅತ್ತೆಗೆ ಕೇಳಿಸಿತು.

"ಹೋಯ್, ನನ್ನ ಸೊಂಟದ ನೆಪ ಹೇಳಿ ಆ ಹೆಣ್ಣನ್ನು ಕಟ್ಟಿ ಹಾಕ್ಬೇಡ" ಎಂದು ಅಲ್ಲಿಂದಲೇ ಕೂಗಿದರು. "ಆರು ಗಂಟೆವರೆಗೆ ಹೀಗೇ ಬಿದ್ಕೊಂಡಿರ್ತೆ. ಎಂತ, ಓಡಿ ಹೋಗ್ತೆನಾ ನಾನು? ತೀರಾ ಆಗದಿದ್ರೆ ಸ್ಟೇಷನ್ನಿಂದ ಒಂದು ಕ್ರೇನ್ ತರಿಸು ಮಾರಾಯ್ತಿ."

ಗಿರಿಜೆ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಅಂದರೆ ಅತ್ತೆಯ ನೆಪವನ್ನು ಅತ್ತೆಯೇ ಕಿತ್ತುಕೊಂಡಿದ್ದರು. ಆದ್ದರಿಂದ ಅದನ್ನು ಇಲ್ಲಿ ಕಾರಣವೆಂದು ಬರೆಯಲಾರೆ. ಇಷ್ಟು ವರ್ಷ ನನ್ನೊಳಗೆ ಅದನ್ನೇ ಹೇಳಿಕೊಂಡೆ, ಅದು ಬೇರೆ ಮಾತು.

ನಿಜವಾದ ಕಾರಣ ಚಿಕ್ಕದು. ಬರೆಯಲು ನಾಚಿಕೆಯಾಗುವಷ್ಟು ಚಿಕ್ಕದು.

ಫಾರಂ ತರಲು ತಾಂಬರಮ್ಮಿನ ಶಾಲೆಗೆ ನಾನೇ ಅವಳ ಜೊತೆ ಹೋಗಿದ್ದೆ. ಹೆಡ್‌ಮಿಸ್ಟ್ರೆಸ್ಸು ಇಂಗ್ಲಿಷಿನಲ್ಲಿ ಕೇಳಿದರು, ಇವಳು ಇಂಗ್ಲಿಷಿನಲ್ಲಿ ಹೇಳಿದಳು. ಪಟಪಟ ಹೇಳಿದಳು. ಆ ಧ್ವನಿಯನ್ನು ನಾನು ಮನೆಯಲ್ಲಿ ಕೇಳಿರಲಿಲ್ಲ. ಆಮೇಲೆ ಅವರು ನನ್ನ ಕಡೆ ತಿರುಗಿ ಏನೋ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಿರಿಜೆ ತಮಿಳಿನಲ್ಲಿ ಹೇಳಿದಳು: "ಅಮ್ಮಾವುಕ್ಕು ತೆರಿಯಾದು, ಮಿಸ್." ಅಮ್ಮನಿಗೆ ಗೊತ್ತಾಗುವುದಿಲ್ಲ ಎಂದು.

ತಾತ್ಸಾರದಿಂದ ಹೇಳಿದ್ದಲ್ಲ. ನನಗೆ ಮುಜುಗರವಾಗಬಾರದೆಂದೇ ಹೇಳಿರಬೇಕು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅವಳು ಹೇಳಿದ್ದರಲ್ಲಿ ಸುಳ್ಳೇನು? ಆದರೆ ವಾಪಸು ಬರುವಾಗ ರೈಲಿನ ಕಿಟಕಿ ಹತ್ತಿರ ಕೂತು ಅವಳು ಫಾರಮ್ಮನ್ನು ಓದುತ್ತಿದ್ದಳು, ನಾನು ಪಕ್ಕದಲ್ಲಿ ಚೀಲ ಹಿಡಿದುಕೊಂಡು ಕೂತಿದ್ದೆ. ಈ ಹುಡುಗಿ ದಿನಾ ಈ ರೈಲಿನಲ್ಲಿ ಹೋಗುತ್ತಾಳೆ, ದಿನಾ ನನಗೆ ಗೊತ್ತಾಗದ್ದನ್ನು ಕಲಿಯುತ್ತಾಳೆ, ಒಂದು ದಿನ ಮನೆಯೊಳಗೂ ನನ್ನ ಬದಲು ಬೇರೆಯವರಿಗೆ ಹೇಳುತ್ತಾಳೆ — ಅಮ್ಮನಿಗೆ ಗೊತ್ತಾಗುವುದಿಲ್ಲ. ಇಷ್ಟೇ. ಇಷ್ಟಕ್ಕೇ.

ಮರುದಿನ ಫಾರಂ ತುಂಬಿಸಿ ಆಯಿತು. ಅವಳ ಫೋಟೊ ಅಂಟಿಸಲಿಕ್ಕೆಂದು ಒಂದು ಚಮಚ ಮೈದಾ ಕಲಸಿ, ಒಲೆಯ ಮೇಲಿಟ್ಟು ಅಂಟು ಮಾಡಿದೆ. ಎರಡು ಜಡೆ ಹಾಕಿದ, ನಗದೆ ಗಂಭೀರವಾಗಿ ನೋಡುವ ಫೋಟೊ. ನಾನೇ ಅಂಟಿಸಿ ಒತ್ತಿದೆ. ಮೂರು ಗಂಟೆಗೆ ಇವರು ಹೋಟೆಲಿನಿಂದ ಬಂದರು. ಫಾರಮ್ಮನ್ನು ತಿರುಗಿಸಿ ಮುರುಗಿಸಿ ನೋಡಿ, "ದೊಡ್ಡ ವಿಷಯ. ಒಂದು ಹೂ ಕೇಳಿಯೇ ಕಳಿಸುವ. ನಾನು ಮಿಂದು ಬರ್ತೆ, ನೀನು ಎಲ್ಲ ಇಟ್ಟಿರು" ಅಂದರು.

ಇವರು ಬಚ್ಚಲಿಗೆ ಹೋದರು. ಗಿರಿಜೆ ಕೈಪಂಪಿನಿಂದ ನೀರು ತರಲು ಹೋಗಿದ್ದಳು. ಅತ್ತೆಗೆ ನಿದ್ದೆ. ದೇವರ ಮುಂದೆ ನಾನೊಬ್ಬಳೇ.

ಅಂದು ಹೂಬುಟ್ಟಿಯಲ್ಲಿ ಕೆಂಪು ಕಣಗಿಲೆಯೂ ಇತ್ತು, ಬಿಳಿಯ ನಂದಿಬಟ್ಟಲೂ ಇತ್ತು. ನಾನು ನಂದಿಬಟ್ಟಲನ್ನು ಆರಿಸಿದೆ. ಅಂಟಿನ ಬಿಳಿ ಹೂವಿನ ಬಿಳಿಯಲ್ಲಿ ಕಾಣುವುದಿಲ್ಲವೆಂದು. ಗಳಿಗೆಯ ಬುದ್ಧಿ ಅದು, ಏನೋ ಆವೇಶದಲ್ಲಿ ಆಗಿಹೋಯಿತು ಎಂದು ಯಾರಾದರೂ ನನ್ನ ಪರವಾಗಿ ಹೇಳಬಹುದು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ: ನಾನು ಹೂವಿನ ಬಣ್ಣ ಆರಿಸಿದೆ. ಬಟ್ಟಲಿನ ತಳದಲ್ಲಿ ಉಳಿದಿದ್ದ ಅಂಟನ್ನು ಬೆರಳಲ್ಲಿ ತೆಗೆದು, ಹೂವಿನ ಹಿಂದೆ ಹಚ್ಚಿ, ವೆಂಕಟರಮಣನ ಬಲಭುಜಕ್ಕೆ ಒತ್ತಿ ಹಿಡಿದೆ. ಎಡದ ಹೂವಿಗೆ ಬರೀ ನೀರು, ಅದೂ ಒಂದೇ ಹನಿ. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ದೀಪ ಹಚ್ಚಿದೆ.

ಎಲ್ಲರೂ ಕೂತೆವು. "ತಾಂಬರಮ್ಮಿನ ಶಾಲೆಗೆ ಕಳಿಸುವುದಾ ಸ್ವಾಮಿ? ಆಗುವುದಾದರೆ ಬಲ ಕೊಡು" ಎಂದು ಇವರು ಗಟ್ಟಿಯಾಗಿ ಕೇಳಿದರು. ಗಿರಿಜೆ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಕೂತಿದ್ದಳು. ಪಂಪಿನ ನೀರು ಅವಳ ಲಂಗದ ಅಂಚಿನಿಂದ ನೆಲಕ್ಕೆ ಇಳಿಯುತ್ತಿತ್ತು. ಬಟ್ಟೆ ಬದಲಿಸಲೂ ಹೋಗದೆ ಬಂದು ಕೂತಿದ್ದಳು. ನಾನು ಹೂವನ್ನು ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದೆ. ಹಾಗಾಗಿ ಎಡದ ಹೂವು ಯಾವಾಗ ಬಿತ್ತೋ ನನಗೆ ತಿಳಿಯಲಿಲ್ಲ; ಇವರು ಉಸಿರು ಬಿಟ್ಟದ್ದರಿಂದ ತಿಳಿಯಿತು.

"ಬೇಡ ಅಂದ್ರೆ ಬೇಡ. ಹೆದರ್ಬೇಡ ಮಗಾ, ಇಲ್ಲೇ ಓದು" ಅಂದರು ಇವರು.

ಅವಳು ಅತ್ತಳು. ದೇವರ ಮುಂದೆ ಅಳಬಾರದೆಂದು ಹಿತ್ತಿಲಿಗೆ ಹೋಗಿ ಅತ್ತಳು. ಅಷ್ಟು ಮರ್ಯಾದೆ ಆ ಹುಡುಗಿಗೆ ಇತ್ತು.

ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಎದ್ದು ದೇವರ ಮುಂದೆ ನಿಂತಿದ್ದಳು. ಕಣ್ಣು ಊದಿತ್ತು. ಆದರೆ ಮುಖ ಏನೋ ತಿಳಿಯಾದ ಹಾಗಿತ್ತು. ನನ್ನನ್ನು ಕರೆದು ತೋರಿಸಿದಳು. "ಇಲ್ಲಿ ನೋಡಮ್ಮ, ಬಲದ ಹೂ ಇನ್ನೂ ಬಿದ್ದೇ ಇಲ್ಲ. ಬಾಡಿ ಹೋದ್ರೂ ಬಿದ್ದಿಲ್ಲ. ಎಷ್ಟು ಗಟ್ಟಿಯಾಗಿ ಬೇಡ ಅಂದಿದ್ದಾರೆ!"

ನಿಜ ಹೇಳಲು ಆ ಒಂದು ಗಳಿಗೆ ನನಗೆ ಕೊಟ್ಟದ್ದಾಗಿತ್ತು. ಫಾರಂ ಕೊಡಲು ಇನ್ನೂ ಎರಡು ದಿನವಿತ್ತು. ನಾನು ಬಾಯಿ ಬಿಡಲಿಲ್ಲ. ಅವಳು ಬೀದಿಯಾಚೆಯ ಶಾಲೆಯ ಫಾರಂ ತರಲು ಹೋದ ಮೇಲೆ ಹೂವನ್ನು ಕಿತ್ತೆ. ಭುಜದ ಮೇಲೆ ಒಣಗಿದ ಅಂಟಿನ ಬಿಳಿ ಹೊಟ್ಟು. ಉಗುರಿನಲ್ಲಿ ಕೆರೆದೆ, ಹೋಗಲಿಲ್ಲ. ಹುಣಸೆ ಹಚ್ಚಿ ಉಜ್ಜಿದೆ, ಹೋಯಿತು. ಹೋಯಿತೋ ಇಲ್ಲವೋ ಎಂದು ಮತ್ತೆ ಉಜ್ಜಿದೆ.

ಶ್ರಾವಣ ಹುಟ್ಟುವ ಮೊದಲೇ ಅತ್ತೆ ತೀರಿಕೊಂಡರು. ಕಾಲು ವರ್ಷದ ಪರೀಕ್ಷೆಯವರೆಗೆ ಶಾಲೆಯನ್ನೂ ಗ್ರೂಪನ್ನೂ ಬದಲಿಸಬಹುದಂತೆ ಎಂದು ಇವರು ಯಾರಿಂದಲೋ ಕೇಳಿಕೊಂಡು ಬಂದರು. "ಇನ್ನೊಂದ್ ಸಲ ಹೂ ಕೇಳುವನಾ?" ಅಂದರು. ನಾನು ಉತ್ತರ ಕೊಡುವ ಮೊದಲು ಗಿರಿಜೆಯೇ ಅಂದಳು, "ಬೇಡಪ್ಪ. ಒಂದು ಸಲ ಹೇಳಿ ಆಗಿದೆ. ಮತ್ತೆ ಕೇಳಿದ್ರೆ ನಂಬಿಕೆ ಇಲ್ಲ ಅಂತ ಆಗ್ತದೆ." ಥರ್ಡ್ ಗ್ರೂಪ್‌ನಲ್ಲೇ ಇದ್ದಳು. ಮುಂದಿನ ವರ್ಷ ಅವಳನ್ನು ಇಡೀ ಶಾಲೆಯ ನಾಯಕಿಯಾಗಿ ಆರಿಸಿದರು. ಕ್ಲಾಸ್ ಟೀಚರು ಮನೆಗೇ ಬಂದು ಕೇಳಿದರು — ಬೆಳಗಿನ ಪ್ರಾರ್ಥನೆ ನಡೆಸಬೇಕು, ಸಂಜೆ ಒಂದು ಗಂಟೆ ಹೆಚ್ಚು ಇರಬೇಕು, ಕಳಿಸುತ್ತೀರಾ ಎಂದು. ಗಿರಿಜೆ ನನ್ನ ಮುಖ ನೋಡಿದಳು. "ಅಮ್ಮ, ಹೂ ಕೇಳ್ಲಾ?" ಅಂದಳು. ಹೂ ಕೇಳಿದರೆ ಎಲ್ಲಿ ಬಲದ್ದು ಬೀಳುತ್ತದೋ, ಬಿದ್ದರೆ ಹಿಂದಿನದೂ ಎಲ್ಲಿ ಬಯಲಿಗೆ ಬರುತ್ತದೋ ಎಂದು ಹೆದರಿದೆ. "ಎಲ್ಲದಕ್ಕೂ ದೇವರನ್ನು ಎಬ್ಬಿಸ್ತಾರಾ? ಮನೆಯಲ್ಲಿ ಕೆಲಸ ಉಂಟು, ಆಗುದಿಲ್ಲ ಅಂತ ಹೇಳು" ಅಂದೆ. ಅತ್ತೆ ಇಲ್ಲದ ಮನೆಯಲ್ಲಿ ಏನು ಕೆಲಸ ಎಂದು ಅವಳು ಕೇಳಲಿಲ್ಲ. ಟೀಚರಿಗೆ ಕಾಫಿ ತಂದುಕೊಟ್ಟು, ಆಗುವುದಿಲ್ಲ ಮಿಸ್ ಅಂದಳು.

ಹತ್ತೊಂಬತ್ತಕ್ಕೆ ಮದುವೆ. ದೇವರು ನನಗೆ ಮಾಡಿದ ಉಪಕಾರಗಳನ್ನು ಎಣಿಸುವ ಅಭ್ಯಾಸ ನನ್ನದು, ಮಲಗುವ ಮೊದಲು ಬೆರಳು ಮಡಚಿ ಎಣಿಸುತ್ತೇನೆ. ಅಳಿಯಂದಿರು ಕುಡಿಯುವವರಲ್ಲ. ಅವಳ ಅತ್ತೆ ಸಿಡುಕಿ, ಆದರೆ ಊಟಕ್ಕೆ ಕಾಯುತ್ತಾರೆ. ಮನೆಯೊಳಗೇ ನಲ್ಲಿ. ಮೊಮ್ಮಗು ಆರೋಗ್ಯವಾಗಿದೆ. ಇಷ್ಟು ಬೆರಳು ಮಡಚಿದ ಮೇಲೆ ಕೈಯನ್ನು ಹಾಗೇ ಹಿಡಿದುಕೊಂಡು ಮಲಗಿರುತ್ತೇನೆ. ಇವೆಲ್ಲ ಅವನು ಕೊಟ್ಟದ್ದು, ನಿಜ. ಆದರೆ ಅವನು ಅವಳಿಗೆ ಕೊಡಬೇಕೆಂದಿದ್ದದ್ದು ಏನು? ಅಂದು ಅಂಟಿಲ್ಲದಿದ್ದರೆ ಯಾವ ಹೂ ಬೀಳುತ್ತಿತ್ತು? ಅದು ನನಗೆ ಎಂದೂ ತಿಳಿಯುವುದಿಲ್ಲ. ಎಡದ್ದೇ ಬೀಳುತ್ತಿತ್ತೇನೋ ಎಂದು ಒಮ್ಮೊಮ್ಮೆ ಸಮಾಧಾನಕ್ಕೆ ಕೈ ಚಾಚುತ್ತೇನೆ — ಆ ಕೈಯಲ್ಲಿ ಅಂಟಿನ ವಾಸನೆ.

ಮೊನ್ನೆ ಗಿರಿಜೆ ಸುಮ್ಮನೆ ಕೂರಲಿಲ್ಲ. ಮಾತಾಡುತ್ತಲೇ ಎದ್ದು ಹೋಗಿ ವೆಂಕಟರಮಣನನ್ನು ತಂದು, ನಾನು ಬಿಡಿಸಿಟ್ಟ ಹುಣಸೆಯ ನಾರು ತೆಗೆದುಕೊಂಡು ಉಜ್ಜತೊಡಗಿದಳು. ಹುಡುಗಿಯಾಗಿದ್ದಾಗ ಮಾಡುತ್ತಿದ್ದ ಕೆಲಸ.

"ನೀನು ಹೂವಿಗೆ ಎಷ್ಟು ನೀರು ಹಚ್ಚಿದ್ದೆ?" ಎಂದು ಕೇಳಿದೆ. ಬೇರೇನು ಕೇಳಬೇಕೋ ತಿಳಿಯಲಿಲ್ಲ.

"ಎರಡೂ ಕಡೆ ಒಂದೇ ಸಮ ಅಮ್ಮ. ಅದರಲ್ಲೆಲ್ಲ ನಾನು ಕರೆಕ್ಟು." ನಕ್ಕಳು.

"ಗಿರಿಜಾ, ಅವತ್ತು..." ಎಂದು ಶುರು ಮಾಡಿದೆ. ನಿಜವಾಗಿಯೂ ಶುರು ಮಾಡಿದೆ.

"ಅದೇ ನಾನೂ ನೆನೆಸ್ಕೊಂಡೆ. ಅವತ್ತೂ ಎಡ, ಈ ಸಲಾನೂ ಎಡ. ನಂಗೆ ಓದು ಬೇಡ ಅಂತ ಅವರು ಒಂದೇ ಮಾತು ಹೇಳ್ತಾ ಇದ್ದಾರೆ. ನಾನೇ ಸುಮ್ನೆ ಆಸೆ ಪಟ್ಟೆ." ಆಮೇಲೆ ಮೆಲ್ಲಗೆ, "ಅವತ್ತಿಂದು ಇಲ್ದೆ ಇದ್ದಿದ್ರೆ ನಾನು ಈ ಸಲ ಕೇಳ್ತಾನೇ ಇರ್ಲಿಲ್ಲ. ಫಾರಂ ಕಳಿಸೇ ಬಿಡ್ತಿದ್ದೆ."

ಇದನ್ನು ಅವಳು ದೂರಾಗಿ ಹೇಳಲಿಲ್ಲ. ದೇವರ ಮೇಲಿನ ಭಕ್ತಿಯಿಂದ ಹೇಳಿದಳು. ಅವಳ ಕೈಯಲ್ಲಿ ಉಳಿದಿರುವುದು ಆ ನಂಬಿಕೆಯೊಂದೇ. ನಾನು ಬಾಯಿ ತೆರೆದರೆ ಅದೂ ಹೋಗುತ್ತದೆ. ತೆರೆಯದಿದ್ದರೆ ಅದನ್ನು ಹಿಡಿದುಕೊಂಡೇ ಅವಳು ಮುಂದಿನ ಬಾಗಿಲನ್ನೂ ಮುಚ್ಚಿಕೊಳ್ಳುತ್ತಾಳೆ. ನಾಳೆ ಅವಳ ಮಗಳ ವಿಷಯಕ್ಕೂ ಹೂ ಕೇಳುತ್ತಾಳೆ.

ಉಜ್ಜುತ್ತಿದ್ದ ಕೈ ನಿಲ್ಲಿಸಿ, ಮೂರ್ತಿಯನ್ನು ಬಾಗಿಲ ಬೆಳಕಿಗೆ ಹಿಡಿದಳು.

"ಅಮ್ಮ, ಈ ಬಲಗಡೆ ಭುಜ ಯಾಕೆ ಹೀಗೆ ಸವೆದು ಹೋಗಿದೆ? ಭುಜಕೀರ್ತಿಯ ಗೆರೆಯೇ ಕಾಣ್ಸುದಿಲ್ಲ."

ಎಂಟು ವರ್ಷ ವಾರಕ್ಕೆರಡು ಸಲ ನಾನು ಅಲ್ಲಿಯೇ ಉಜ್ಜಿದ್ದೇನೆ.

"ಹಳೇ ಮೂರ್ತಿ ಅಲ್ದಾ. ಸವೀತದೆ" ಅಂದೆ.

"ಎಡಗಡೆಯೂ ಅಷ್ಟೇ ಹಳತಲ್ವಾ ಅಮ್ಮ?"

ಗಡಿಯಾರ ನೋಡಿ, ನಾಲ್ಕೂ ಹತ್ತರ ರೈಲು ತಪ್ಪಿದರೆ ಮಗು ಅಳುತ್ತದೆ ಎಂದು ಎದ್ದಳು. ದೇವರನ್ನು ನೀರಲ್ಲಿ ತೊಳೆದು, ಒರೆಸಿ, ಪೀಠದ ಮೇಲಿಟ್ಟು ನಮಸ್ಕಾರ ಮಾಡಿದಳು. ನನಗೂ ಮಾಡಿದಳು. ಬಾಗಿದ ತಲೆಯ ಮೇಲೆ ಈ ಕೈಯನ್ನೇ ಇಟ್ಟು ಹರಸಿದೆ.

ಇದನ್ನು ಕನ್ನಡದಲ್ಲಿ ಬರೆದಿದ್ದೇನೆ, ನನಗೆ ಬರುವುದು ಇದೊಂದೇ ಅಕ್ಷರ. ಗಿರಿಜೆ ಓದಿದ್ದು ತಮಿಳು, ಇಂಗ್ಲಿಷು. ಕನ್ನಡ ಆಡುತ್ತಾಳೆ, ಓದಲು ಬರುವುದಿಲ್ಲ. ಅಂದರೆ ಅವಳ ಕಣ್ಣ ಮುಂದೆ ಇಟ್ಟರೂ ಅವಳಿಗೆ ತಿಳಿಯದ ಕಡೆ ಇದನ್ನು ಬಚ್ಚಿಟ್ಟ ಹಾಗಾಯಿತು. ನಾನೇ ಓದಿ ಹೇಳಬೇಕು, ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಸಾಲಿನಿಂದ. ಮುಂದಿನ ಸಲ ಬಂದಾಗ ಓದುತ್ತೇನೆ. ಮೊನ್ನೆಯೂ ಹೇಳಬೇಕೆಂದೇ ಇದ್ದೆ. ಅದಕ್ಕೇ ಈ ಮಾತಿನ ಮೇಲೆ ನನಗೇ ಭರವಸೆ ಬರುತ್ತಿಲ್ಲ.

ಮೊನ್ನೆ ಅವಳು ಬೀದಿಯ ಕೊನೆ ತಿರುಗುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಒಳಗೆ ಬಂದೆ. ಹುಣಸೆ ಅರ್ಧ ಹಾಗೇ ಇತ್ತು. ಕೂತು ಉಳಿದದ್ದರ ಬೀಜ ತೆಗೆದೆ, ಕಲ್ಲುಪ್ಪು ಬೆರೆಸಿದೆ, ಭರಣಿಗೆ ಒತ್ತಿ ಒತ್ತಿ ತುಂಬಿದೆ. ದೇವರು ಉಜ್ಜಲಿಕ್ಕೆಂದು ಪ್ರತಿ ವರ್ಷ ಒಂದು ಹಿಡಿ ಬೇರೆ ತೆಗೆದಿಡುತ್ತಿದ್ದೆ. ಈ ಸಲ ತೆಗೆದಿಡಲಿಲ್ಲ.